ಮರಕ್ಕೆ ಹಿಡಿದದ್ದು ರೋಗವಲ್ಲ, ಕಲ್ಲುಹೂವು!

ಗಡಿನಾಡಿನ ಹಳೇ ಹುಣಸೆ ಮರಗಳ ಮೇಲೊಂದು ನಿಧಾನದ ಬದುಕು. ಮೊಬೈಲ್‌ನಲ್ಲಿ ಹಿಡಿದಿಡಲು ಕಾರ್ತೀಕವೇ ಸರಿಯಾದ ಕಾಲ

ರಾಯದುರ್ಗ/ಮಡಕಶಿರಾ: ಊರಾಚೆಯ ಯಾವುದಾದರೂ ಹಳೇ ಹುಣಸೆ ಮರದ ಬೊಡ್ಡೆ ನೋಡಿ. ಬೂದಿ ಬಣ್ಣದ ಒಂದು ಮಚ್ಚೆ, ಅದರ ಪಕ್ಕಕ್ಕೆ ತಿಳಿಹಸಿರಿನ ಇನ್ನೊಂದು, ನಡುವೆ ಯಾರೋ ಸುಣ್ಣದ ಕೈ ಒರೆಸಿ ಹೋದಂಥ ಬಿಳಿ ಕಲೆ. ರಾಯದುರ್ಗದ ಕಡೆ ಇದಕ್ಕೆ 'ಬೂಷ್ಟು ಹಿಡದೈತಿ' ಅನ್ನುವವರುಂಟು. ಮಡಕಶಿರಾ ಕಡೆ 'ಮರಕ್ಕೆ ರೋಗ ಬಂದೈತೆ' ಅನ್ನುವವರುಂಟು. ಐತಿ, ಐತೆ ಮಾತ್ರ ಬೇರೆ. ತಪ್ಪು ತಿಳಿವಳಿಕೆ ಎರಡೂ ಕಡೆ ಒಂದೇ!

ಅದು ಬೂಷ್ಟೂ ಅಲ್ಲ, ರೋಗವೂ ಅಲ್ಲ. ಅಡುಗೆ ಮನೆಯ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ದಾಯಾದಿ. ವಿಜ್ಞಾನದ ಪುಸ್ತಕದಲ್ಲಿ ಇದರ ಹೆಸರು ಲೈಕೆನ್. ತೆಲುಗಿನಲ್ಲಿ ರಾತಿ ಪುವ್ವು, ಮರಾಠಿ ಮನೆಗಳಲ್ಲಿ ದಗಡಫೂಲ್, ಹೈದರಾಬಾದಿನ ಬಿರಿಯಾನಿ ಮಾಡುವವರ ಬಾಯಲ್ಲಿ ಪತ್ಥರ್ ಕೆ ಫೂಲ್. ಭಾಷೆ ನಾಲ್ಕಾದರೂ ಅರ್ಥ ಒಂದೇ, ಕಲ್ಲಿನ ಹೂವು. ವಿಚಿತ್ರವೆಂದರೆ ಅದು ಹೂವಲ್ಲ. ಅಂಗಡಿಯಲ್ಲಿ ಸಿಗುವ ಮಾಲು ಬಹುಪಾಲು ಕಲ್ಲಿನ ಮೇಲಿನದೂ ಅಲ್ಲ, ಹಿಮಾಲಯ ಮತ್ತು ಪಶ್ಚಿಮ ಘಟ್ಟದ ಮರಗಳಿಂದ ಬಿಡಿಸಿ ತಂದದ್ದು. (ಮರಾಠಿ ಮೊಗ್ಗಿನ ಜೊತೆ ಇದನ್ನು ಗೊಂದಲ ಮಾಡಿಕೊಳ್ಳಬಾರದು. ಅದು ಬೂರುಗದ ಜಾತಿಯ ಮರದ್ದು. ಗೋಡಾ ಮಸಾಲೆಗೆ ಬೀಳುವುದು ದಗಡಫೂಲ್.)

ಒಬ್ಬ ಗೋಡೆ, ಒಬ್ಬ ಅಡುಗೆಯವ

ಹಾಗಾದರೆ ಇದು ಏನು? ಒಂದು ಜೀವಿಯಂತೆ ಕಂಡರೂ ಒಳಗೆ ಇರುವುದು ಕೂಡು ಕುಟುಂಬ. ಒಂದು ಶಿಲೀಂಧ್ರ ಮನೆ ಕಟ್ಟುತ್ತದೆ. ಆ ಗೋಡೆಯೊಳಗೆ ಪಾಚಿ ಕೂತು ಬಿಸಿಲಿನಿಂದ ಆಹಾರ ತಯಾರಿಸುತ್ತದೆ. ಕೆಲವು ಮನೆಗಳಲ್ಲಿ ಪಾಚಿಯ ಬದಲು ನೀಲಿ-ಹಸಿರು ಸೂಕ್ಷ್ಮಜೀವಿ ಇರುತ್ತದೆ. 1860ರ ದಶಕದ ಕೊನೆಗೆ ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡನರ್ ಈ ಮಾತು ಹೇಳಿದಾಗ ಆ ಕಾಲದ ದೊಡ್ಡ ದೊಡ್ಡ ಪಂಡಿತರೇ ಒಪ್ಪಲಿಲ್ಲ. ಈಗ ಅದು ಶಾಲೆಯ ಪಾಠ. ಅಷ್ಟಕ್ಕೇ ಮುಗಿಯಲಿಲ್ಲ. 2016ರಲ್ಲಿ ಕೆಲವು ಲೈಕೆನ್‌ಗಳ ಹೊರಪದರದಲ್ಲಿ ಮೂರನೆಯವನೊಬ್ಬ, ಯೀಸ್ಟ್ ರೂಪದ ಇನ್ನೊಂದು ಶಿಲೀಂಧ್ರ, ಇರುವುದನ್ನೂ ಕಂಡುಹಿಡಿದರು. ನೂರೈವತ್ತು ವರ್ಷ ಸೂಕ್ಷ್ಮದರ್ಶಕದಲ್ಲಿ ನೋಡಿದವರ ಕಣ್ಣಿಗೇ ಅವನು ಬಿದ್ದಿರಲಿಲ್ಲ!

ಈ ಕುಟುಂಬಕ್ಕೆ ಬೇರಿಲ್ಲ. ಮರದಿಂದ ಇದು ಪಡೆಯುವುದು ಕೂರಲು ಒಂದು ಜಾಗ ಮಾತ್ರ. ನೀರು, ಉಪ್ಪು, ಖನಿಜ ಎಲ್ಲವೂ ಮಳೆ, ಇಬ್ಬನಿ ಮತ್ತು ಗಾಳಿಯ ಧೂಳಿನಿಂದಲೇ ಬರಬೇಕು. ಬಂದಳಿಕೆಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಬಂದಳಿಕೆ ಕೊಂಬೆಯೊಳಗೆ ಬೇರಿನಂಥದ್ದನ್ನು ಇಳಿಸಿ ರಸ ಹೀರುತ್ತದೆ. ಕಲ್ಲುಹೂವು ಜಗುಲಿಯ ಮೇಲೆ ಕೂತ ದಾರಿಹೋಕನಂತೆ, ಒಳಮನೆಗೆ ಕಾಲಿಡುವುದಿಲ್ಲ.

ಮಳೆ ಇಲ್ಲದ ಸೀಮೆಯಲ್ಲಿ ಹೇಗೆ?

ಅನಂತಪುರ ಸೀಮೆಗೆ ವರ್ಷಕ್ಕೆ ಸರಾಸರಿ ಬೀಳುವುದು ಸುಮಾರು 550 ಮಿ.ಮೀ. ಮಳೆ. ದೇಶದ ಅತಿ ಒಣ ಸೀಮೆಗಳಲ್ಲಿ ಇದೂ ಒಂದು. ಕಣೇಕಲ್, ಬೊಮ್ಮನಹಾಳ್ ಕಡೆ ವೇದಾವತಿ ಹಗರಿಯ ದಂಡೆಯಲ್ಲಿ ಮರಳು ದಿಬ್ಬಗಳೇ ಎದ್ದು ಹೊಲಕ್ಕೆ ನುಗ್ಗುತ್ತವೆ. ಇಂಥ ಕಡೆ ಬೇರಿಲ್ಲದ ಜೀವ ಬದುಕುವುದು ಹೇಗೆ ಎಂಬುದು ಯಾರಿಗಾದರೂ ಬರುವ ಅನುಮಾನ.

ಗುಟ್ಟು ಇಷ್ಟೇ: ಇದು ಒಣಗುತ್ತದೆ, ಸಾಯುವುದಿಲ್ಲ. ಬೇಸಿಗೆಯಲ್ಲಿ ಹಪ್ಪಳದಂತೆ ಒಣಗಿ ಸುಮ್ಮನಾಗುತ್ತದೆ. ನಾಲ್ಕು ಹನಿ ಬಿದ್ದರೆ ನಿಮಿಷಗಳಲ್ಲೇ ಎಚ್ಚರ. ಹಸಿರು ಪಾಚಿ ಇರುವ ಜಾತಿಗಳಿಗಂತೂ ಹನಿಯೂ ಬೇಡ, ಗಾಳಿಯಲ್ಲಿನ ತೇವವೇ ಸಾಕು. ಇಬ್ಬನಿ ಬಿದ್ದ ಮುಂಜಾನೆ ಸೂರ್ಯ ಹುಟ್ಟಿದ ಮೇಲೆ ಒಂದೆರಡು ತಾಸು ಕೆಲಸ ಮಾಡಿ, ಬಿಸಿಲೇರಿದ ಮೇಲೆ ಮತ್ತೆ ಅಂಗಡಿ ಮುಚ್ಚುತ್ತದೆ. ಇದರ ಗಟ್ಟಿತನ ಎಷ್ಟೆಂದರೆ, 2005ರಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಎರಡು ಜಾತಿಯ ಕಲ್ಲುಹೂವುಗಳನ್ನು ಫೋಟಾನ್-ಎಂ2 ಉಪಗ್ರಹದಲ್ಲಿ ಕಳಿಸಿ ಸುಮಾರು ಎರಡು ವಾರ ಬಯಲು ಬಾಹ್ಯಾಕಾಶಕ್ಕೆ ಒಡ್ಡಿತ್ತು. ವಾಪಸು ಬಂದ ಮೇಲೂ ಅವು ಜೀವಂತವಾಗಿದ್ದವು. ಅಂಥದ್ದಕ್ಕೆ ನಮ್ಮ ಏಪ್ರಿಲ್ ಬಿಸಿಲು ಯಾವ ಲೆಕ್ಕ?

ಗಟ್ಟಿತನಕ್ಕೆ ಅದು ತೆರುವ ಬೆಲೆ ನಿಧಾನ. ಮರಕ್ಕೆ ಅಂಟಿದ ತೆಳು ಹಕ್ಕಳೆಯಂಥ ಜಾತಿಗಳು ವರ್ಷಕ್ಕೆ ಒಂದೆರಡು ಮಿಲಿಮೀಟರ್, ಕೆಲವು ಅದಕ್ಕಿಂತಲೂ ಕಡಿಮೆ ಬೆಳೆಯುತ್ತವೆ. ಎಲೆಯಂತೆ ಅಂಚು ಎದ್ದ ಜಾತಿಗಳು ಸ್ವಲ್ಪ ಚುರುಕು. ಅಂಗೈ ಅಗಲದ, ಅಂದರೆ ಹತ್ತು ಸೆಂಟಿಮೀಟರಿನ ಹಕ್ಕಳೆ ಮಚ್ಚೆ ಕಂಡರೆ ನಡುವಿನಿಂದ ಅಂಚಿಗೆ ಐವತ್ತು ಮಿಲಿಮೀಟರ್. ಲೆಕ್ಕ ಹಾಕಿ, ಇಪ್ಪತ್ತೈದರಿಂದ ಐವತ್ತು ವರ್ಷದ ಆಸಾಮಿ! ಆ ಮರದಡಿ ಗೋಲಿ ಆಡಿದವರು ಈಗ ಮೊಮ್ಮಕ್ಕಳನ್ನು ಆಡಿಸುತ್ತಿರಬಹುದು.

ಗಾಳಿ ಕೆಟ್ಟರೆ ಮೊದಲು ಹೋಗುವುದು

ಬೇರಿಲ್ಲದೆ ಗಾಳಿಯನ್ನೇ ನಂಬಿ ಬದುಕುವುದರಿಂದ ಗಾಳಿಯ ವಿಷವೂ ನೇರವಾಗಿ ಮೈಗೇ ಇಳಿಯುತ್ತದೆ. ಎಲೆ ಉದುರಿಸುವ ಮರದಂತೆ ಕೊಳೆಯನ್ನು ವರ್ಷಕ್ಕೊಮ್ಮೆ ಚೆಲ್ಲುವ ಉಪಾಯ ಇದಕ್ಕಿಲ್ಲ. ವಿಲಿಯಂ ನೈಲಾಂಡರ್ ಎಂಬ ವಿಜ್ಞಾನಿ 1866ರಲ್ಲೇ ಪ್ಯಾರಿಸ್‌ನ ಲಕ್ಸೆಂಬರ್ಗ್ ಉದ್ಯಾನದ ಮರಗಳನ್ನು ನೋಡಿ, ಇವು ಗಾಳಿಯ ಆರೋಗ್ಯ ಹೇಳುತ್ತವೆ ಎಂದು ಬರೆದಿದ್ದ. 1970ರಲ್ಲಿ ಇಂಗ್ಲೆಂಡಿನ ಹಾಕ್ಸ್‌ವರ್ತ್ ಮತ್ತು ರೋಸ್ ಮರದ ಮೇಲೆ ಯಾವ ಜಾತಿ ಇದೆ, ಯಾವುದು ಇಲ್ಲ ಎಂದು ನೋಡಿಯೇ ಗಾಳಿಯಲ್ಲಿನ ಗಂಧಕದ ಹೊಗೆ ಅಂದಾಜು ಮಾಡುವ ಅಳತೆಗೋಲು ಕೊಟ್ಟರು.

ದೂರದ ಮಾತು ಬೇಡ ಅನ್ನುವವರಿಗೆ ಬೆಂಗಳೂರೇ ಇದೆ. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮಾಧವ ಗಾಡ್ಗೀಳರ ಜೊತೆ ಸೇರಿ ಬೆಂಗಳೂರು ನಗರದ, ಮುಖ್ಯವಾಗಿ ಲಾಲ್‌ಬಾಗ್‌ನ, ಕಲ್ಲುಹೂವುಗಳು ಎಲ್ಲೆಲ್ಲಿವೆ, ಅವುಗಳೊಳಗೆ ಭಾರಲೋಹ ಎಷ್ಟು ಸೇರಿದೆ ಎಂದು ನೋಡಿ 2003ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಆಂಧ್ರದಲ್ಲೂ ಕೆಲಸ ನಡೆದಿದೆ. ಕಡಪದ ಯೋಗಿ ವೇಮನ ವಿಶ್ವವಿದ್ಯಾಲಯದ ಸಂಶೋಧಕರು ಲಖನೌದವರ ಜೊತೆಗೂಡಿ ರಾಜ್ಯದ ಪಟ್ಟಿಗೆ ಹೊಸ ಜಾತಿಗಳನ್ನು ಸೇರಿಸಿದ ವರದಿ 2014ರಲ್ಲಿ ಬಂದಿದೆ. ಪುಣೆಯ ಅಗರ್ಕರ್ ಸಂಶೋಧನಾ ಸಂಸ್ಥೆಯಂತೂ ಈ ವಿಷಯಕ್ಕೆ ಹೆಸರುವಾಸಿ.

ಇಷ್ಟಾದ ಮೇಲೆ ಒಂದು ಮಾತು ಗಮನಿಸಬೇಕು. ಇಲ್ಲಿನ ಮಸಾಲೆಗೆ ಇಲ್ಲಿಯದೇ ಕಲ್ಲುಹೂವು ಎಂದು ರಸ್ತೆ ಪಕ್ಕದ ಮರದಿಂದ ಕೆರೆದು ತರಬೇಡಿ. ಲಾರಿ ಹೊಗೆಯ ಲೋಹವೆಲ್ಲ ಅದರಲ್ಲೇ ಇರುತ್ತದೆ. ಜಾತಿಯೂ ಅದಲ್ಲ, ರುಚಿಯೂ ಅದಲ್ಲ.

ಕೆಂಧೂಳಿನ ವರ್ಷಗಳು

ರಾಯದುರ್ಗದವರಿಗೆ ಈ ವಿಷಯ ಬೇರೆ ಕಾರಣಕ್ಕೆ ಮುಟ್ಟುತ್ತದೆ. ಡಿ.ಹಿರೇಹಾಳ್ ಮಂಡಲದ ಓಬಳಾಪುರಂ ಗಣಿ, ಆಚೆ ಬಳ್ಳಾರಿ ಗಣಿಗಳು ಜೋರಾಗಿದ್ದ ಕಾಲ ಯಾರೂ ಮರೆತಿಲ್ಲ. ಅದಿರು ಲಾರಿಗಳು ಸಾಲುಗಟ್ಟಿದ ರಸ್ತೆಯ ಇಕ್ಕೆಲದ ಬೇವು, ಹುಣಸೆ, ಹೊಂಗೆ ಎಲ್ಲವೂ ಕೆಂಪು. 2009ರ ಕೊನೆಗೆ ಓಬಳಾಪುರಂನಲ್ಲಿ ಗಣಿ ಕೆಲಸ ನಿಂತಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೂ ತಡೆ ಹಾಕಿತು. ಆಮೇಲೆ ಕರ್ನಾಟಕದ ಕಡೆ ಷರತ್ತಿನ ಮೇಲೆ ಹಂತಹಂತವಾಗಿ ಮತ್ತೆ ಶುರುವಾಯಿತು.

ಧೂಳು ದಪ್ಪಗೆ ಕೂತರೆ ಕಲ್ಲುಹೂವಿನೊಳಗಿನ ಪಾಚಿಗೆ ಬೆಳಕು ಸಿಗುವುದಿಲ್ಲ. ಅಡುಗೆಯವನೇ ಉಪವಾಸ ಬಿದ್ದ ಮೇಲೆ ಮನೆ ನಿಲ್ಲುವುದು ಹೇಗೆ? 2005ರಲ್ಲಿ ತೆಗೆದ ಒಂದು ಬೊಡ್ಡೆಯ ಫೋಟೋ, 2015ರಲ್ಲಿ ತೆಗೆದ ಅದೇ ಬೊಡ್ಡೆಯ ಫೋಟೋ ಪಕ್ಕಪಕ್ಕ ಇಟ್ಟರೆ ಎಷ್ಟೋ ವಿಷಯ ತಿಳಿಯುತ್ತದೆ. ನಿಮ್ಮ ಮನೆಯ ಆಲ್ಬಂ ತೆರೆದು ನೋಡಿ. ಮದುವೆಯ ದಿಬ್ಬಣ, ಶಾಲೆಯ ಗ್ರೂಪ್ ಫೋಟೋ, ಹೊಸ ಬೈಕಿನ ಪಕ್ಕ ನಿಂತ ಅಣ್ಣ, ಹಿಂದೆ ಎಲ್ಲೋ ಒಂದು ಮರದ ಬೊಡ್ಡೆ ಇದ್ದೇ ಇರುತ್ತದೆ. ಆ ಮರ ಇನ್ನೂ ನಿಂತಿದ್ದರೆ ಅದೇ ಜಾಗದಲ್ಲಿ ನಿಂತು ಇನ್ನೊಂದು ಫೋಟೋ ತೆಗೆಯಬಹುದು.

ಮರ ನಿಂತಿದ್ದರೆ ಎಂಬುದೇ ಮುಖ್ಯ ಮಾತು. ಹಿಂದೂಪುರದಿಂದ ಮಡಕಶಿರಾ ಹಾದು ಶಿರಾ ಸೇರುವ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ. ಯಾವ ಊರಲ್ಲೇ ಆಗಲಿ ರಸ್ತೆ ಅಗಲವಾಗುವಾಗ ಮೊದಲು ಉರುಳುವುದು ಅಂಚಿನ ಹಳೇ ಮರ. ಒಂದಕ್ಕೆ ಹತ್ತು ಸಸಿ ನೆಟ್ಟೆವು ಎಂದು ಲೆಕ್ಕ ತೋರಿಸಬಹುದು. ಆದರೆ ಸಸಿಯ ನುಣುಪು ತೊಗಟೆಗೆ ಹುಣಸೆಯ ಬಿರುಕು ಬರಲು ದಶಕಗಳೇ ಬೇಕು, ಆ ಬಿರುಕಿನಲ್ಲಿ ಮಚ್ಚೆ ಅಂಗೈ ಅಗಲವಾಗಲು ಇನ್ನಷ್ಟು ದಶಕ. ನೀಲಗಿರಿ ನೆಟ್ಟರಂತೂ ಕೇಳುವುದೇ ಬೇಡ. ಅದು ತೊಗಟೆ ಕಳಚುತ್ತಲೇ ಇರುವ ಮರ, ಕೂತವರನ್ನು ಎಬ್ಬಿಸಿ ಕಳಿಸುವ ಮನೆ.

ಹಳೇ ಹುಣಸೆಗೆ ಬೆಲೆ ಕೊಟ್ಟ ಉದಾಹರಣೆ ಪಕ್ಕದಲ್ಲೇ ಇದೆ. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು, ಐವತ್ತನಾಲ್ಕು ಎಕರೆ, 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಣೆಯಾಯಿತು. ಹಿಂದೂಪುರ ಹುಣಸೆ ವ್ಯಾಪಾರಕ್ಕೆ ಹೆಸರಾದ ಪೇಟೆ. ಹಣ್ಣಿನ ಲೆಕ್ಕ ಅಲ್ಲಿ ಪೈಸೆ ಪೈಸೆಗೂ ಸಿಗುತ್ತದೆ. ಬೊಡ್ಡೆಯ ಲೆಕ್ಕ ಇಡುವವರು ಯಾರು?

ತೋಟದವರಿಗೆ ಎರಡು ಮಾತು

ಅಗಳಿ, ಅಮರಾಪುರಂ ಕಡೆಯ ಅಡಿಕೆ, ಮಾವಿನ ತೋಟಗಳವರು ಬಿಳಿ ಮಚ್ಚೆ ಕಂಡ ಕೂಡಲೇ ಕುಡುಗೋಲಿನಿಂದ ಕೆರೆಯುವುದು, ಮೈಲುತುತ್ತ-ಸುಣ್ಣ ಬಳಿಯುವುದು ಬೇಕಿಲ್ಲ. ಕೆರೆದರೆ ತೊಗಟೆಗೆ ಗಾಯ, ಗಾಯದಲ್ಲಿ ನಿಜವಾದ ರೋಗಕ್ಕೆ ದಾರಿ. ಸೊರಗಿದ ಮರದ ಮೇಲೆ ಕಲ್ಲುಹೂವು ಜಾಸ್ತಿ ಕಾಣುವುದು ಸುಳ್ಳಲ್ಲ. ಆದರೆ ಕಾರಣ ತಿರುಗಾಮುರುಗಾ. ಮರ ಸೊರಗಿ ಎಲೆ ಉದುರಿದಾಗ ಬೊಡ್ಡೆಗೆ ಬಿಸಿಲು ಬೀಳುತ್ತದೆ, ಬೆಳಕು ಸಿಕ್ಕ ಕಲ್ಲುಹೂವು ಹರಡುತ್ತದೆ. ಸೊರಗಿದ್ದು ಬೇರೆ ಯಾವುದಕ್ಕೋ, ನೀರಿಗೋ, ಬೇರಿಗೋ, ಹುಳಕ್ಕೋ.

ಹೆದರಬೇಕಾದದ್ದು ಬೇರೆಯೇ ಇದೆ. ಅಡಿಕೆಯ ಬುಡದಲ್ಲಿ ಕಂದು ಅಣಬೆ ಎದ್ದರೆ ಅದು ಅಣಬೆ ರೋಗ, ತಡ ಮಾಡದೆ ತೋಟಗಾರಿಕೆಯವರನ್ನು ಕೇಳಬೇಕು. ಬೊಡ್ಡೆಯಿಂದ ಅಂಟು ಸೋರುವುದು, ಹತ್ತಿಯಂಥ ಹಿಟ್ಟು ತಿಗಣೆ ಮೆತ್ತಿಕೊಳ್ಳುವುದು, ಇವಕ್ಕೂ ಔಷಧಿ ಬೇಕು. ಕಲ್ಲುಹೂವಿಗೆ ಬೇಡ.

ಮರದ ಮಾತು ಹೀಗಾದರೆ ಕಲ್ಲಿನ ಮಾತು ಸ್ವಲ್ಪ ಬೇರೆ. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಈಗಿನ ಹೇಮಾವತಿಯಲ್ಲಿ ಸಾವಿರ ವರ್ಷದ ಕೆತ್ತನೆಗಳಿವೆ. ಇಂಥ ಕೆತ್ತನೆ ಕಲ್ಲಿನ ಮೇಲೆ ಕಲ್ಲುಹೂವು ಹಿಡಿದರೆ ಅದರ ಆಮ್ಲ, ಒಳಗಿಳಿಯುವ ಎಳೆಗಳು ಮೇಲ್ಮೈಯನ್ನು ಕೊರೆಯುತ್ತವೆ. ಅಲ್ಲಿ ತೆಗೆಯುವುದೂ ಬಲ್ಲವರ ಕೆಲಸ. ಭಕ್ತಿಯಿಂದ ತಂತಿ ಬ್ರಷ್ ಹಿಡಿದು ಉಜ್ಜಿದರೆ ಕಲ್ಲುಹೂವಿನ ಜೊತೆ ದೇವರ ಮೂಗೂ ಹೋಗುತ್ತದೆ. ರಾಯದುರ್ಗದ ಕೋಟೆ ಬೆಟ್ಟದಂಥ ಬರೀ ಬಂಡೆಯ ಮೇಲಿನವನ್ನು ಮುಟ್ಟುವ ಅಗತ್ಯವೇ ಇಲ್ಲ.

ಫೋಟೋ ತೆಗೆಯುವುದು ಹೀಗೆ

ಕಾರ್ತೀಕದಲ್ಲಿ ಆಂಧ್ರದ ಕಡೆ ಮನೆಮಂದಿಯೆಲ್ಲ ವನಭೋಜನಕ್ಕೆ ತೋಪಿಗೆ ಹೋಗುವುದು ರೂಢಿ. ಹಿಂಗಾರು ಮಳೆ ನಿಂತು ಇಬ್ಬನಿ ಬೀಳುವ ಕಾಲ ಅದು. ಚಿತ್ರಾನ್ನ ಹಂಚುವ ಮುಂಚೆ ಅರ್ಧ ತಾಸು ಬೊಡ್ಡೆಗೆ ಕೊಟ್ಟರೆ ಸಾಕು. ದೊಡ್ಡ ಕ್ಯಾಮೆರಾ ಬೇಕಿಲ್ಲ, ಈಗ ಎಲ್ಲರ ಕೈಯಲ್ಲಿರುವ ಮೊಬೈಲ್ ಆದೀತು. ಅದಕ್ಕೆ ಸಿಕ್ಕಿಸುವ ಸಣ್ಣ ಮ್ಯಾಕ್ರೋ ಮಸೂರ ಇದ್ದರೆ ಇನ್ನೂ ಅನುಕೂಲ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇದ್ದರೆ ಮೊದಲು ಕಣ್ಣಿಗೆ ಹಬ್ಬ.

ಆ ಭೂತಗನ್ನಡಿಯಲ್ಲಿ ಕಾಣುವುದೇನು? ಕೆಲವು ಮಚ್ಚೆಗಳ ಮೇಲೆ ಅಂಚು ಕಟ್ಟಿದ ಪುಟಾಣಿ ತಟ್ಟೆಗಳು, ಗೊಂಬೆ ಮದುವೆಗೆ ಎಲೆ ಹಾಕಿದಂತೆ. ಶಿಲೀಂಧ್ರ ಬೀಜಕಣ ಹೊರಡಿಸುವ ಜಾಗ ಅದು. ಇನ್ನು ಕೆಲವದರ ಮೇಲೆ ಕಪ್ಪು ಗೀರುಗಳು, ಇರುವೆ ಕಾಲಿಗೆ ಮಸಿ ಹಚ್ಚಿಕೊಂಡು ಓಡಾಡಿದಂತೆ. ಅದು ಗ್ರಾಫಿಸ್. ಹೆಸರಿನ ಅರ್ಥವೇ ಬರವಣಿಗೆ. ನೆರಳಿನ ಕಡೆ ಅರಿಶಿನ ಚಿಮುಕಿಸಿದಂಥ ಪುಡಿ ಕಂಡರೆ ಕ್ರೈಸೋಥ್ರಿಕ್ಸ್ ಇರಬಹುದು. ಒಣ ಸೀಮೆಯ ಬೊಡ್ಡೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬೂದಿ-ಬಿಳುಪಿನ ಪಿಕ್ಸಿನ್, ಡಿರಿನೇರಿಯಾ, ಫಿಸಿಯಾ ಕುಲದವು. ಧೂಳು, ಹೊಗೆಯನ್ನು ತಕ್ಕಮಟ್ಟಿಗೆ ತಡೆಯುವ ಗಟ್ಟಿ ಪಿಂಡಗಳೂ ಇವರಲ್ಲೇ ಇದ್ದಾರೆ. ಇವೂ ಕಾಣದ ಹಳೇ ಬೊಡ್ಡೆ ಸಿಕ್ಕರೆ ಆ ಜಾಗದ ಗಾಳಿಯ ಬಗ್ಗೆ ಒಮ್ಮೆ ಯೋಚಿಸಬೇಕು.

ಮೊದಲು ಒಣಗಿದ್ದಾಗ ಒಂದು ಫೋಟೋ. ಆಮೇಲೆ ಬಾಟಲಿಯಿಂದ ನಾಲ್ಕು ಹನಿ ನೀರು ಚಿಮುಕಿಸಿ ಎರಡು ನಿಮಿಷ ಕಾಯಿರಿ. ಬೂದಿಯಂತಿದ್ದದ್ದು ಕಣ್ಣೆದುರೇ ಹಸಿರಾಗುತ್ತದೆ! ಮೇಲಿನ ಪದರ ನೀರು ಕುಡಿದು ಪಾರದರ್ಶಕವಾದಾಗ ಒಳಗಿನ ಪಾಚಿಯ ಬಣ್ಣ ಹೊರಗೆ ಕಾಣುತ್ತದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾದೂ ಇಲ್ಲ. ಅವರ ಶಾಲೆಯ ಲಿಟ್ಮಸ್ ಕಾಗದದ ಬಣ್ಣ ಮೂಲತಃ ಬಂದದ್ದೂ ಇಂಥದೇ ಒಂದು ಜೀವಿಯಿಂದ ಎಂದು ಜೊತೆಗೇ ಹೇಳಬಹುದು.

ಫ್ಲ್ಯಾಶ್ ಬೇಡ, ಎಲ್ಲ ಬೆಳ್ಳಗೆ ಹೊಡೆಯುತ್ತದೆ. ಬೆಳಗಿನ ಓರೆ ಬೆಳಕಿನಲ್ಲಿ ಅಂಚು, ಉಬ್ಬು ಚೆನ್ನಾಗಿ ಕಾಣುತ್ತವೆ. ಮೊಬೈಲ್ ಬೊಡ್ಡೆಗೆ ನೇರವಾಗಿರಲಿ, ಓರೆಯಾದರೆ ಅಳತೆ ತಪ್ಪುತ್ತದೆ. ಅಳತೆಗೆ ಪಕ್ಕದಲ್ಲಿ ಏನಾದರೂ ಇಡಲೇಬೇಕು. ಬಹಳ ಜನ ರೂಪಾಯಿ ನಾಣ್ಯ ಇಡುತ್ತಾರೆ. ಆದರೆ ರೂಪಾಯಿಯ ಗಾತ್ರ ವರ್ಷ ಕಳೆದಂತೆ ಕಿರಿದಾಗುತ್ತಲೇ ಬಂದಿದೆ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ಮಾತ್ರ ಬದಲಾಗಿಲ್ಲ, ಅದನ್ನೇ ಇಡಿ.

ಮುಖ್ಯವಾದದ್ದು ಅದೇ ಮರ, ಅದೇ ಪಕ್ಕ, ಅದೇ ಎತ್ತರ. ನೆಲದಿಂದ ಎಷ್ಟು ಅಡಿ, ಮೂಡಣವೋ ಪಡುವಣವೋ, ಬೊಡ್ಡೆಯ ಸುತ್ತಳತೆ ಎಷ್ಟು, ತಾರೀಕು ಯಾವುದು ಎಂದು ಒಂದು ನೋಟ್‌ಬುಕ್‌ನಲ್ಲಿ ಕನ್ನಡದಲ್ಲೇ ಬರೆದಿಟ್ಟರಾಯಿತು. ಮೊಬೈಲ್ ಹೋದರೂ ನೋಟ್‌ಬುಕ್ ಉಳಿಯುತ್ತದೆ. ಗುರುತಿಗೆ ಮೊಳೆ ಹೊಡೆಯಬೇಡಿ, ಬಣ್ಣ ಬಳಿಯಬೇಡಿ. ಹೆದ್ದಾರಿ ಮರಗಳಿಗೆ ಬಿಳಿ-ಕೆಂಪು ಪಟ್ಟಿ ಬಳಿದಿರುತ್ತಾರಲ್ಲ, ಅದರಡಿಯ ಕಲ್ಲುಹೂವಿನ ಕಥೆ ಮುಗಿದಂತೆಯೇ. ಅಂಥ ಮರವಾದರೆ ಪಟ್ಟಿಯ ಮೇಲಿನ ಭಾಗ ಆರಿಸಿಕೊಳ್ಳಬೇಕು.

ಮಡಕಶಿರಾ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. 1953ಕ್ಕೆ ಮುಂಚೆ ಅದೂ ಬಳ್ಳಾರಿಯದೇ ತಾಲ್ಲೂಕು. ಹಾಗಾಗಿ ಫೋಟೋದ ಜೊತೆ ಜಿಲ್ಲೆಯ ಹೆಸರಿಗಿಂತ ಊರು, ಮರ ಇರುವ ಜಾಗ ಬರೆಯುವುದೇ ವಾಸಿ. ಜಿಲ್ಲೆ ಬದಲಾದೀತು, ಹುಣಸೆ ಮರ ಎದ್ದು ಹೋಗುವುದಿಲ್ಲ.

ಹೆಸರು ತಿಳಿಯಬೇಕೆಂದರೆ ಐನ್ಯಾಚುರಲಿಸ್ಟ್‌ನಂಥ ಆ್ಯಪ್‌ಗೆ ಫೋಟೋ ಹಾಕಿದರೆ ಬಲ್ಲವರು ನೋಡಿ ಹೇಳುತ್ತಾರೆ. ಆದರೆ ಎಷ್ಟೋ ಜಾತಿಗಳನ್ನು ಖಚಿತ ಮಾಡಲು ರಾಸಾಯನಿಕದ ಹನಿ, ಸೂಕ್ಷ್ಮದರ್ಶಕ ಎರಡೂ ಬೇಕು. ಫೋಟೋದಿಂದ ಕುಲದ ಹೆಸರು ಸಿಕ್ಕರೂ ದೊಡ್ಡದೇ. ಹೆಸರು ಸಿಗದಿದ್ದರೂ ಅಳತೆ ಸಿಗುತ್ತದೆ. ಎರಡನೇ ಫೋಟೋ ಬರುವ ವರ್ಷದ ಕಾರ್ತೀಕಕ್ಕೆ ತೆಗೆದರೆ ಸಾಕು, ಅವಸರವಿಲ್ಲ. ಅಷ್ಟರಲ್ಲಿ ಹಕ್ಕಳೆ ಜಾತಿಯದು ಅಂಚಿನಲ್ಲಿ ಬೆಳೆದಿರುವುದು ಹೆಚ್ಚೆಂದರೆ ಒಂದು ಅಕ್ಕಿಕಾಳಿನ ದಪ್ಪ.